ಹೋತ ಯಾಕೆ ನಿಂತಿತು

ಚಿತ್ರದುರ್ಗದಿಂದ ಹಿರಿಯೂರಿನ ಕಡೆಗೆ ಬಸ್ಸಿನಲ್ಲಿ ಹೋಗುವಾಗ ನಾನೀಗ ಬಲಗಡೆಯ ಸೀಟು ಹಿಡಿಯುತ್ತೇನೆ. ಎಡಗಡೆ ಕೂತರೆ ಹೆದ್ದಾರಿಯ ಕೆಳಗಿನ ಒಂದು ಮೋರಿಯ ಬಾಯಿ ಕಾಣುತ್ತದೆ. ಬಸ್ಸು ಅದನ್ನು ದಾಟಲು ಒಂದೆರಡು ಕ್ಷಣ ಸಾಕು, ಅಷ್ಟರಲ್ಲೇ ಅಂಗೈ ಬೆವರಿರುತ್ತದೆ. ಮೊದಲು ಕಣ್ಣಿಗೆ ಬರುವುದು ಹೋತದ ಮುಖ, ಆಮೇಲೆ ಕಿವಿಗೆ ಬರುವುದು ನೀರು. ಅವತ್ತು ನಡೆದದ್ದೂ ಇದೇ ಕ್ರಮದಲ್ಲಿ. ಎರಡರ ನಡುವೆ ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಸಾಕಿತ್ತು. ಮನಸ್ಸಿನಲ್ಲಿ ಎಷ್ಟೋ ಸಲ ಸರಿದಿದ್ದೇನೆ.

ಆಗ ನಾನು ದುರ್ಗದ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದೆ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ವರ್ಷವಾಗಿತ್ತು. ನನ್ನ ಹುದ್ದೆಯ ಹೆಸರು ‘ಅಡ್ವೊಕೆಸಿ ಸಂಯೋಜಕಿ’. ಈ ಪದವನ್ನು ಹೊಳಲ್ಕೆರೆಯಲ್ಲಿದ್ದ ಅಪ್ಪನಿಗೆ ವಿವರಿಸುವಷ್ಟರಲ್ಲಿ ಸಾಕಾಯಿತು. ಅಪ್ಪ ವಕೀಲರೊಬ್ಬರ ಬಳಿ ಗುಮಾಸ್ತರಾಗಿ ಬಹಳ ವರ್ಷ ದುಡಿದವರು.

“ಅಡ್ವೊಕೇಟ್ ಅಂದ್ರೆ ವಕೀಲ. ನೀನು ಲಾ ಓದಿಲ್ಲ. ಮತ್ತೆ ಇದೇನವ್ವ ನಿಂದು?”

“ಅದಲ್ಲಪ್ಪ. ಜನರ ಪರವಾಗಿ ಮಾತಾಡೋದು. ಅವರ ಕಷ್ಟನ ಅಧಿಕಾರಿಗಳಿಗೆ ಮುಟ್ಟಿಸೋದು.”

“ಜನ ವಕಾಲತ್ತಿಗೆ ಸಹಿ ಹಾಕಿರ್ತಾರಾ?”

“ಇದಕ್ಕೆಲ್ಲ ವಕಾಲತ್ತು ಹಾಕೋದು ಇರಲ್ಲಪ್ಪ.”

“ಹಂಗಾದ್ರೆ ಆರಾಮು ಬಿಡು. ನಮ್ಮ ಸಾಹೇಬ್ರು ಕಕ್ಷಿದಾರ ಸಹಿ ಹಾಕೋ ತನಕ ಬಾಯೇ ಬಿಡ್ತಿರ್ಲಿಲ್ಲ” ಎಂದು ನಕ್ಕು ಪೇಪರ್ ಓದತೊಡಗಿದರು.

ನಮ್ಮ ಕಚೇರಿಯಲ್ಲಿ ಆ ಪದಕ್ಕೆ ಕನ್ನಡ ಹುಡುಕುವ ಕೆಲಸವೂ ನಡೆದಿತ್ತು. ‘ವಕಾಲತ್ತು’ ಎಂದರೆ ಕೋರ್ಟಿನ ವಾಸನೆ. ‘ಪ್ರತಿಪಾದನೆ’ ಎಂದರೆ ಭಾಷಣದ ವಾಸನೆ. ಹಳ್ಳಿಯಲ್ಲಿ ‘ಪರ ವಹಿಸುವುದು’ ಎಂದರೆ ಜಗಳದಲ್ಲಿ ಒಬ್ಬರ ಕಡೆ ಸೇರುವುದು. ‘ನೀನೇನು ಅವನ ವಕೀಲನಾ?’ ಎಂಬುದು ಮನೆಮನೆಯಲ್ಲೂ ಇರುವ ಬೈಗುಳ. ಕೊನೆಗೆ ಇಂಗ್ಲಿಷ್ ಪದವನ್ನೇ ಉಳಿಸಿಕೊಂಡೆವು. ತರಬೇತಿಗೆ ಬಂದಿದ್ದ ಒಬ್ಬರು, ಆ ಪದದ ಮೂಲದಲ್ಲಿ ‘ನೆರವಿಗೆಂದು ಕರೆಸಿಕೊಂಡವನು’ ಎಂಬ ಅರ್ಥವಿದೆ ಎಂದು ಹೇಳಿದ್ದರು. ಚೆನ್ನಾಗಿದೆ ಅನ್ನಿಸಿ ಪುಸ್ತಕದಲ್ಲಿ ಬರೆದುಕೊಂಡೆ. ನನ್ನನ್ನು ಯಾರು ಕರೆದಿದ್ದಾರೆ ಎಂದು ಕೇಳಿಕೊಳ್ಳಬೇಕು ಅನ್ನಿಸಲಿಲ್ಲ.

ಹಿರಿಯೂರಿಗೆ ಹೋಗುವ ಹೆದ್ದಾರಿಯ ಎಡಕ್ಕೆ ಒಂದು ಕುರಿಗಾರರ ಹಟ್ಟಿ. ಬಲಕ್ಕೆ ಕಾವಲು, ಅಂದರೆ ದನಕುರಿ ಮೇಯುವ ಬಯಲು. ಕಾವಲಿನ ಹಿಂದೆ ಗುಡ್ಡ. ರಸ್ತೆ ಅಗಲವಾಗುವ ಮೊದಲಿನಿಂದಲೂ ಹಟ್ಟಿಯ ಕುರಿ ಬೆಳಿಗ್ಗೆ ಆಚೆ ಹೋಗಿ ಸಂಜೆ ಈಚೆ ಬರುತ್ತಿದ್ದವು. ರಸ್ತೆ ಅಗಲವಾದ ಮೇಲೆ ನಡುವಿನ ಡಿವೈಡರಿನಲ್ಲಿ ಯಾರೋ ಒಂದು ಕಂಡಿ ಮಾಡಿಕೊಂಡಿದ್ದರು. ಬೈಕು, ಜನ, ಕುರಿ ಎಲ್ಲ ಅದರಲ್ಲೇ ದಾಟುತ್ತಿದ್ದವು.

ಒಂದು ದಿನ ಆ ಕಂಡಿಯಲ್ಲಿ ಬೈಕು ತಿರುಗಿಸಲು ಹೋದ ಹಟ್ಟಿಯ ಒಬ್ಬಾತನಿಗೆ ಕಾರು ಗುದ್ದಿ ಕಾಲು ಮುರಿಯಿತು. ಪೇಪರಿನಲ್ಲಿ ನಾಲ್ಕು ಸಾಲು ಬಂತು. ನಮ್ಮ ನಿರ್ದೇಶಕರು ಅದನ್ನು ಕತ್ತರಿಸಿ ನನ್ನ ಮೇಜಿನ ಮೇಲಿಟ್ಟು, “ಇದು ಒಳ್ಳೆ ಅಡ್ವೊಕೆಸಿ ವಿಷಯ, ನೋಡಿ” ಎಂದರು.

ಮಾರನೆಯ ದಿನವೇ ಹಟ್ಟಿಗೆ ಹೋದೆ. ಬೆಳಿಗ್ಗೆ ಹತ್ತೂವರೆಯ ಹೊತ್ತು. ಕಟ್ಟೆಯ ಮೇಲೆ ಹಿರಿಯರೊಬ್ಬರು ಕೂತಿದ್ದರು, ಹಟ್ಟಿಯ ಮಾತುಕತೆಯೆಲ್ಲ ಅವರೆದುರೇ ಆಗುತ್ತಿತ್ತು. “ಬರ್ರಿ ಮೇಡಮ್ಮ, ಕುಂತ್ಕಳ್ರಿ” ಎಂದು ಟವೆಲಿನಿಂದ ಕಲ್ಲು ಒರೆಸಿಕೊಟ್ಟರು. ಅಂಗಡಿಯವನು ಬಂದ, ಬೈಕಿನ ಹುಡುಗರು ಬಂದರು, ಹಿರಿಯೂರಿಗೆ ಕೆಲಸಕ್ಕೆ ಹೋಗುವವರು ಬಂದರು. ಎಲ್ಲರಿಗೂ ಆ ಕಂಡಿಯ ಮೇಲೆ ಸಿಟ್ಟು. ನಾನು ಅಲ್ಲೇ ಅರ್ಜಿ ಬರೆದೆ: ‘ಸದರಿ ಅನಧಿಕೃತ ಕಂಡಿಯನ್ನು ಮುಚ್ಚಿ, ಗ್ರಾಮಸ್ಥರಿಗೆ ಸುರಕ್ಷಿತವಾಗಿ ದಾಟಲು ಕೆಳಸೇತುವೆ ಕಲ್ಪಿಸಿಕೊಡಬೇಕು.’ ಮಧ್ಯಾಹ್ನದೊಳಗೆ ಎರಡು ಹಾಳೆ ತುಂಬಿತು, ಸಹಿ, ಹೆಬ್ಬೆಟ್ಟು. ಮೂರರ ಬಸ್ಸಿಗೆ ದುರ್ಗಕ್ಕೆ ಹೊರಟೆ.

ಆ ಹೊತ್ತಿನಲ್ಲಿ ಹಟ್ಟಿಯಲ್ಲಿ ಇದ್ದವರು ಕುರಿ ಕಾಯದವರು. ಕುರಿ ಕಾಯುವವರು ರಸ್ತೆಯ ಆಚೆ, ಕಾವಲಿನಲ್ಲಿದ್ದರು. ಅವರು ಸೂರ್ಯ ಇಳಿದ ಮೇಲೆ ಬರುತ್ತಾರೆ. ಅಷ್ಟು ಹೊತ್ತಿಗೆ ನಾನು ಊಟಕ್ಕೆ ಅಕ್ಕಿ ತೊಳೆಯುತ್ತಿದ್ದೆ. ಆ ರಸ್ತೆಯನ್ನು ದಿನಕ್ಕೆರಡು ಸಲ ನಿಜವಾಗಿ ದಾಟುವ ಒಬ್ಬರ ಸಹಿಯೂ ಆ ಹಾಳೆಗಳಲ್ಲಿ ಇರಲಿಲ್ಲ. ಇದು ನನಗೆ ಎಷ್ಟೋ ತಿಂಗಳ ನಂತರ ಹೊಳೆದದ್ದು.

ರಸ್ತೆ ಇಲಾಖೆಯವರು ಅರ್ಜಿಯ ಮೊದಲ ಅರ್ಧವನ್ನು ಬೇಗ ಮಾಡಿ ಮುಗಿಸಿದರು. ಒಂದು ಲಾರಿಯಲ್ಲಿ ಕಬ್ಬಿಣದ ತಡೆ ಬಂತು, ಒಂದೇ ದಿನದಲ್ಲಿ ಕಂಡಿ ಮುಚ್ಚಿತು. ಎರಡನೆಯ ಅರ್ಧಕ್ಕೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂತು. ನಮ್ಮ ತಿಂಗಳ ವರದಿಯಲ್ಲಿ ನಾನು ‘ಭಾಗಶಃ ಯಶಸ್ಸು’ ಎಂದು ಬರೆದೆ.

ಆ ದೊಡ್ಡಮ್ಮನನ್ನು ನಾನು ನೋಡಿದ್ದು ಅದಾದ ಮೇಲೆ. ಹಟ್ಟಿಯ ಆರು ಮನೆಗಳ ಕುರಿಯನ್ನು ತನ್ನ ಕುರಿಯ ಜೊತೆ ಸೇರಿಸಿ ಕಾಯುವವಳು. ಐವತ್ತೈದು ದಾಟಿರಬಹುದು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಉದ್ದನೆಯ ಕೋಲು, ಸೊಂಟದಲ್ಲಿ ಎಲೆಅಡಿಕೆಯ ಚೀಲ. ‘ಅರ್ಜಿ ಬರೆದವಳು ಇವಳೇ’ ಎಂದು ಯಾರೋ ತೋರಿಸಿದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ನೀನೇನಾ ತಾಯಿ ದಾರಿ ಮುಚ್ಚಿಸ್ದೋಳು? ನೋಡಾಕೆ ಇಷ್ಟುದ್ದ ಅದೀಯ, ಒಂದು ಹೆದ್ದಾರಿನೇ ಕಟ್ಟಾಕಿದೀಯಲ್ಲ!”

ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ, ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ.

“ದೊಡ್ಡಮ್ಮ, ಕೆಳಸೇತುವೆ ಬರುತ್ತೆ. ಅಲ್ಲೀವರೆಗೆ ಸ್ವಲ್ಪ...”

“ಅಲ್ಲೀವರೆಗೆ ಕುರಿ ಉಪಾಸ ಇರ್ತಾವಾ? ನೀನೇ ಹೇಳು ಅವಕ್ಕೆ, ಚೆನ್ನಾಗಿ ಮಾತಾಡ್ತೀಯಂತೆ.”

ಅವಳು ಅಷ್ಟರಲ್ಲಿ ಬೇರೆ ದಾರಿ ಹುಡುಕಿಕೊಂಡಿದ್ದಳು. ಮಳೆನೀರು ಹೋಗಲೆಂದು ಹೆದ್ದಾರಿಯ ಕೆಳಗೆ ಕಾಂಕ್ರೀಟಿನ ದುಂಡನೆಯ ಪೈಪು ಹಾಕಿದ್ದರು. ಬಗ್ಗಿ ಹೋದರೆ ಒಬ್ಬರು ಹೋಗಬಹುದು. ಈ ಬಾಯಲ್ಲಿ ನಿಂತು ನೋಡಿದರೆ ಆ ಬಾಯಿಯ ಬೆಳಕು ಊಟದ ತಟ್ಟೆಯಷ್ಟು ಕಾಣುತ್ತದೆ. ಕುರಿ ಕತ್ತಲೆಗೆ ಹೋಗುವುದಿಲ್ಲ. ಆದರೆ ಮುಂದೆ ಹೋತ ಹೋದರೆ ಕುರಿ ಎಲ್ಲಿಗಾದರೂ ಹೋಗುತ್ತದೆ. ಅದಕ್ಕೆ ಕುರಿಹಿಂಡಿನಲ್ಲಿ ಒಂದು ಗಂಡು ಮೇಕೆ ಇಟ್ಟುಕೊಳ್ಳುತ್ತಾರೆ. ಇವಳ ಹೋತ ಕರಿಯದು, ಹಣೆಯಲ್ಲಿ ಬಿಳಿ ಮಚ್ಚೆ. ಮರಿಯಿಂದ ಅಂಗೈಯಲ್ಲೇ ತಿನ್ನಿಸಿ ಸಾಕಿದ್ದಳು. ಅದನ್ನು ‘ಮೇಷ್ಟ್ರು’ ಎಂದು ಕರೆಯುತ್ತಿದ್ದಳು. “ಮೇಷ್ಟ್ರು ಮುಂದೆ ಹೋದ್ರೆ ಹುಡುಗ್ರು ತೆಪ್ಪಗೆ ಹಿಂದೆ ಹೋಗ್ತಾವೆ. ನಿಮ್ಮ ಇಸ್ಕೂಲಲ್ಲಿ ಹಂಗಿತ್ತಾ?” ಎಂದು ನನ್ನನ್ನು ಕೇಳಿದ್ದಳು. ಆ ಮೇಷ್ಟ್ರನ್ನು ಪೈಪಿನೊಳಗೆ ಹೋಗುವುದಕ್ಕೆ ಒಗ್ಗಿಸಲು ಎಂಟು ದಿನ ಹಿಡಿಯಿತಂತೆ. ಜಾಲಿಕಾಯಿ ತೋರಿಸುತ್ತಾ, ತಾನೇ ಮುಂದೆ ತೆವಳುತ್ತಾ, ಅದನ್ನು ಹಿಂದೆ ಕರೆದುಕೊಂಡು ಹೋಗಿದ್ದಳು. ಆಮೇಲೆ ಅದು ತಾನಾಗಿ ಮುಂದೆ ಹೋಗತೊಡಗಿತು. ಇವಳು ಎಲ್ಲಕ್ಕಿಂತ ಹಿಂದೆ, ಕುರಿಗಳನ್ನು ದೂಡುತ್ತಾ ಬರುತ್ತಿದ್ದಳು.

ಇದನ್ನು ಕೇಳಿ ನಿರ್ದೇಶಕರ ಕಣ್ಣು ಅರಳಿತು. “ಪೈಪಿನಿಂದ ಕುರಿ ಬರೋದು ಒಂದು ಫೋಟೋ ಇದ್ರೆ ಸಾಕು. ಎರಡನೇ ಅರ್ಜಿಗೆ ಬೇರೆ ಮಾತೇ ಬೇಡ” ಎಂದರು.

ಹಾಗಾಗಿ ಮತ್ತೆ ಹೋದೆ. ಮುಂಗಾರು ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಹಿಂದಿನ ಎರಡು ದಿನ ಹಿರೇಗುಂಟನೂರಿನ ಕಡೆ ಮಳೆಯಾಗಿತ್ತು ಎಂದು ಬಸ್ಸಿನಲ್ಲಿ ಯಾರೋ ಹೇಳುತ್ತಿದ್ದರು. ಹಟ್ಟಿಯ ಹತ್ತಿರ ಬಿಸಿಲಿತ್ತು. ಮಧ್ಯಾಹ್ನ ದೊಡ್ಡಮ್ಮನನ್ನು ಕಾವಲಿನಲ್ಲೇ ಹೋಗಿ ಕಂಡೆ. ತಡೆ ಹತ್ತಿ ಇಳಿದು, ಲಾರಿಗಳ ನಡುವೆ ಓಡಿ ರಸ್ತೆ ದಾಟಿದ್ದೆ, ಏದುಸಿರು ಬಿಡುತ್ತಿದ್ದೆ. ಅದನ್ನು ನೋಡಿ ಅವಳಿಗೆ ನಗು.

“ಒಂದ್ಸಲಕ್ಕೇ ಹಿಂಗಾದ್ಯಾ?”

ನಾನು ಫೋಟೋದ ವಿಷಯ ಹೇಳಿದೆ. ಅವಳು ಬೇಡ ಅನ್ನಲಿಲ್ಲ. ಗುಡ್ಡದ ಕಡೆ ಮೋಡ ಕಪ್ಪಾಗುತ್ತಿದ್ದದ್ದನ್ನು ನೋಡಿ, “ಇವತ್ತು ಜಲ್ದಿ ಹೊಡ್ಕಂಡ್ ಹೋಗಾಣ” ಎಂದಳು. ಆಮೇಲೆ ಒಂದು ಮಾತು ಹೇಳಿದಳು. ಅವಳ ದನಿಯಲ್ಲೇ ಅದು ನನಗೆ ಈಗಲೂ ಕೇಳುತ್ತದೆ.

“ನೀನು ಹಟ್ಟಿ ಕಡೆ ಹೋಗಿ ಮ್ಯಾಲೆ ನಿಂತ್ಕಾ. ರಸ್ತೆ ಪಕ್ದಾಗೆ. ಕೆಳಿಕ್ಕೆ ಇಳೀಬ್ಯಾಡ. ಮೇಷ್ಟ್ರಿಗೆ ಹೊಸಬ್ರು ಅಂದ್ರೆ ಆಗಲ್ಲ.”

“ಆಯ್ತು ದೊಡ್ಡಮ್ಮ” ಎಂದೆ.

ಮತ್ತೆ ರಸ್ತೆ ದಾಟಿ ಈ ಕಡೆ ಬಂದು ಏರಿಯ ಮೇಲೆ ನಿಂತೆ. ಮೇಲಿನಿಂದ ಪೈಪಿನ ಬಾಯಿ ಅರ್ಧ ಮಾತ್ರ ಕಾಣುತ್ತಿತ್ತು. ಮೋಡ ಮುಚ್ಚಿ ಬೆಳಕು ಬೇರೆ ಕಡಿಮೆಯಾಯಿತು. ಇಲ್ಲಿಂದ ತೆಗೆದರೆ ಹಿಂಡಿನ ಬೆನ್ನು ಮಾತ್ರ ಬರುತ್ತದೆ, ಮುಖ ಬರುವುದಿಲ್ಲ ಎಂದು ಲೆಕ್ಕ ಹಾಕಿದೆ. ಮುಖವಿಲ್ಲದ ಫೋಟೋ ಯಾವ ಅಧಿಕಾರಿಯನ್ನೂ ಮುಟ್ಟುವುದಿಲ್ಲ ಎಂದೂ ಅಂದುಕೊಂಡೆ. ಹಾಗೆ ನಾನು ಕೆಳಗಿಳಿದೆ. ಪೈಪಿನ ಬಾಯಿಗೆ ನೇರವಾಗಿ ಕುಕ್ಕರುಗಾಲಲ್ಲಿ ಕೂತು ಫೋನು ಹಿಡಿದೆ.

ಒಳಗಿನಿಂದ ಗಂಟೆಯ ಸದ್ದು ಹತ್ತಿರವಾಯಿತು. ಕತ್ತಲಲ್ಲಿ ಮೊದಲು ಬಿಳಿ ಮಚ್ಚೆ ಕಂಡಿತು. ಒಂದು ಫೋಟೋ ತೆಗೆದೆ, ಇನ್ನೊಂದು ತೆಗೆದೆ. ಮೂರನೆಯದಕ್ಕೆ ಹೋತದ ಮುಖ ಪರದೆಯ ತುಂಬ ಇತ್ತು. ಆಗ ಅದು ನಿಂತಿತು.

ಅದು ನಿಂತದ್ದು ನನ್ನನ್ನು ನೋಡಿ. ಮುಂಗಾಲು ಎರಡನ್ನೂ ಊರಿ, ಕುತ್ತಿಗೆ ಹಿಂದಕ್ಕೆಳೆದುಕೊಂಡಿತು. ಹಿಂದಿನ ಕುರಿಗಳು ಒಂದರ ಮೇಲೊಂದು ಒತ್ತಿದವು. ಒಳಗೆ ದೂರದಿಂದ ದೊಡ್ಡಮ್ಮನ ಕೂಗು ಕೇಳಿತು, “ಹೈ, ಹೈ, ಮೇಷ್ಟ್ರೇ, ನಡೀ, ನಡೀಲೇ!” ಅದರ ಹಿಂದೆ ಇನ್ನೊಂದು ಸದ್ದು. ಮೊದಲು ರಸ್ತೆಯ ಮೇಲೆ ಭಾರದ ಲಾರಿ ಹೋಗುತ್ತಿದೆ ಅಂದುಕೊಂಡೆ. ಲಾರಿ ಬಂದರೆ ಹೋಗುತ್ತದೆ. ಇದು ಹೋಗಲಿಲ್ಲ, ಜಾಸ್ತಿಯಾಯಿತು. ಹೋತದ ಕಾಲಿನ ಕೆಳಗೆ ಕೆಂಪು ನೀರು ಸಣ್ಣಗೆ ಹರಿದು ಬಂದು ನನ್ನ ಚಪ್ಪಲಿ ಮುಟ್ಟಿತು.

ನನಗೆ ಎಲ್ಲ ಅರ್ಥವಾಗಿತ್ತು. ಗುಡ್ಡದ ಮೇಲೆ ಮಳೆಯಾಗಿದೆ, ಹಳ್ಳ ಬರುತ್ತಿದೆ, ಅವಳು ಒಳಗಿದ್ದಾಳೆ, ನಾನು ಬಾಗಿಲಲ್ಲಿದ್ದೇನೆ. ಇಷ್ಟು ಅರ್ಥವಾಗಿಯೂ ಮೈ ಅಲುಗಲಿಲ್ಲ. ಫೋನು ಹಿಡಿದ ಕೈ ಹಾಗೇ ಇತ್ತು. ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ. ಹತ್ತು ಎಣಿಸುವಷ್ಟು ಇರಬಹುದು, ಮೂವತ್ತು ಎಣಿಸುವಷ್ಟು ಇರಬಹುದು. ಕೊನೆಗೆ ನಾನು ಸರಿಯಲಿಲ್ಲ, ಹಿಂದಿನ ಕುರಿಗಳ ಒತ್ತಡಕ್ಕೆ ಹೋತವೇ ನನ್ನ ಮೇಲೆ ಬಿತ್ತು. ನಾನು ಪಕ್ಕಕ್ಕೆ ಉರುಳಿದೆ. ಪೈಪಿನ ಬಾಯಿ ತೆರೆದುಕೊಂಡಿತು.

ಕುರಿಗಳು ಒಂದರ ಹಿಂದೊಂದು ಚಿಮ್ಮಿದಂತೆ ಬಂದವು. ಮೊದಮೊದಲು ಬಂದವು ಕಾಲ ಮೇಲೆ ಬಂದವು. ಆಮೇಲೆ ಬಂದವು ನೀರಿನ ಮೇಲೆ ಬಂದವು. ಅವುಗಳ ಜೊತೆ ಕಂಬಳಿ ಬಂತು. ಕಂಬಳಿ ಮಾತ್ರ ಬಂದದ್ದನ್ನು ನೋಡಿ ನಾನು ಕಿರುಚಿದೆ. ಅದು ಬಂದು ಸ್ವಲ್ಪ ಹೊತ್ತಿಗೆ ಅವಳು ಬಂದಳು, ಒಂದು ಕುರಿಯ ಕುತ್ತಿಗೆಗೆ ತೋಳು ಹಾಕಿಕೊಂಡು, ಪೈಪಿನ ಅಂಚಿಗೆ ಬಲಭುಜ ಬಡಿದು. ಅಂಗಡಿಯವನು, ಇನ್ನಿಬ್ಬರು ಓಡಿ ಬಂದು ಅವಳನ್ನು ದಡಕ್ಕೆ ಎಳೆದರು. ಏಳು ಕುರಿ ಸತ್ತಿದ್ದವು. ಅವುಗಳಲ್ಲಿ ಆರು ಬೇರೆ ಮನೆಗಳವು.

ದಡದಲ್ಲಿ ಮಲಗಿ, ಬಾಯಿಯಿಂದ ಮಣ್ಣುನೀರು ಉಗಿದು, ಅವಳು ಮೊದಲು ಕೇಳಿದ್ದು: “ಯಾಕೆ ನಿಂತೋಯ್ತು ಅದು?”

ಓಡಿ ಬಂದವರು ಕುರಿ ಹೊರಬಂದ ಮೇಲಷ್ಟೇ ನೋಡಿದ್ದರು. ಆಗ ನಾನು ಪಕ್ಕದಲ್ಲಿ ಬಿದ್ದಿದ್ದೆ, ಮೈಯೆಲ್ಲ ಕೆಸರು. ಅವಳನ್ನು ಎಳೆಯಲು ನಾನೂ ನೀರಿಗಿಳಿದಿದ್ದೆ ಎಂದು ಅವರು ಅಂದುಕೊಂಡರು. “ಪಾಪ, ಮೇಡಮ್ಮನೂ ಬಿದ್ದವ್ರೆ, ನೀರು ಕೊಡ್ರಲೇ” ಎಂದರು. ನಾನು ಆ ನೀರು ಕುಡಿದೆ.

ಕುರಿಗಾರರಲ್ಲಿ ಒಂದು ನಡವಳಿಕೆ ಇದೆ ಎಂದು ಆಮೇಲೆ ತಿಳಿಯಿತು. ಆಪತ್ತಿನಲ್ಲಿ ಮುಂದೆ ನಿಂತುಬಿಟ್ಟ ಹೋತವನ್ನು ಆ ಹಟ್ಟಿಯಲ್ಲಿ ಇಟ್ಟುಕೊಳ್ಳುವುದಿಲ್ಲ. ಒಂದು ಸಲ ಅಂಜಿದ್ದು ಮತ್ತೆ ಅಂಜುತ್ತದೆ, ಅದರ ಹಿಂದೆ ಹಿಂಡು ಹಾಳಾಗುತ್ತದೆ ಎಂಬ ಲೆಕ್ಕ. ದೊಡ್ಡಮ್ಮ ಆಸ್ಪತ್ರೆಯಲ್ಲಿ ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ವಾರದಲ್ಲೇ ಹೋತವನ್ನು ಕಡಿಯುವವರಿಗೆ ಕೊಟ್ಟರು. ಆರು ಮನೆಯವರೂ ಉಳಿದ ಕುರಿಯನ್ನು ಬಿಡಿಸಿಕೊಂಡು ಹಟ್ಟಿಯ ಇನ್ನೊಬ್ಬ ಕುರಿಗಾರನ ಹಿಂಡಿಗೆ ಸೇರಿಸಿದರು. ಅವನು ಈಗ ಎಲ್ಲವನ್ನೂ ದೂರದ ಮೇಲ್ಸೇತುವೆಯವರೆಗೆ ನಡೆಸಿಕೊಂಡು ಹೋಗಿ, ಸುತ್ತು ಹಾಕಿ ಕಾವಲಿಗೆ ಹೋಗುತ್ತಾನೆ. ಕೈಯಾರೆ ಸಾಕಿದ ಹೋತವೇ ಅವಳ ಮಾತು ಕೇಳಲಿಲ್ಲ, ಅವಳ ಕಾಲ ಮುಗೀತು ಎಂದು ಹಟ್ಟಿಯಲ್ಲಿ ಮಾತಾಯಿತು.

ಇಪ್ಪತ್ತು ದಿನದ ಮೇಲೆ ದುರ್ಗದಲ್ಲಿ ರಸ್ತೆಯವರ ಜೊತೆ ಸಭೆ. ನಾನೇ ಏರ್ಪಾಡು ಮಾಡಿದ್ದೆ. ಕೊರಳಿಗೆ ಕೈ ಕಟ್ಟಿಕೊಂಡು ದೊಡ್ಡಮ್ಮ ಬಂದಳು, ಕಟ್ಟೆಯ ಹಿರಿಯರು ಬಂದರು. ಎಂಜಿನಿಯರು ನನ್ನ ಹಳೆಯ ಅರ್ಜಿಯನ್ನು ಮೇಜಿನ ಮೇಲೆ ಹರಡಿದರು.

“ಕಂಡಿ ಮುಚ್ಚಿ ಅಂತ ಕೇಳಿದ್ದು ನೀವೇ. ಈಗ ಯಾಕೆ ಮುಚ್ಚಿದ್ರಿ ಅಂತೀರಿ. ಪೈಪ್ ಇರೋದು ನೀರಿಗೆ. ಅದರೊಳಗೆ ಹೋಗಿ ಅಂತ ಯಾರು ಹೇಳಿದ್ರು?”

ಆಮೇಲೆ ಅವರು ದೊಡ್ಡಮ್ಮನ ಕಡೆ ತಿರುಗಿದರು. ಕೆಟ್ಟ ಮನುಷ್ಯರೇನಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದರು. “ಅಲ್ಲಮ್ಮ, ದಿನಾ ಹೋಗ್ತಿತ್ತಲ್ಲ ನಿಮ್ಮ ಹೋತ? ಅವತ್ತು ಯಾಕೆ ನಿಲ್ತು?”

“ಗೊತ್ತಿಲ್ಲ ಸಾಮಿ. ಹಿಂಗೆ ಯಾವತ್ತೂ ನಿಂತಿದ್ದಿಲ್ಲ.”

“ವಯಸ್ಸಾಯ್ತು ಸಾರ್ ಅವಳಿಗೆ” ಎಂದರು ಹಿರಿಯರು. “ಕೈ ಸಡ್ಲ ಬಿದ್ದೈತೆ. ಹೋತ ಅಂದ್ರೆ ಸಾಕ್ದೋರ ಗುಣನೇ ಬರ್ತೈತೆ.”

ದೊಡ್ಡಮ್ಮ ತಲೆ ತಗ್ಗಿಸಿದಳು. ನನಗೆ ಎದುರುತ್ತರ ಕೊಟ್ಟು ನಗಿಸುತ್ತಿದ್ದವಳು ಆವತ್ತು ನೆಲದ ಟೈಲ್ಸ್ ನೋಡುತ್ತಾ ಕೂತಿದ್ದಳು.

ನನ್ನ ಸರದಿ ಬಂತು. ನಾನು ಎದ್ದು ನಿಂತು ಕಾಲು ಗಂಟೆ ಮಾತಾಡಿದೆ. ಕುರಿಗಾರರ ಹಾದಿಯ ಹಕ್ಕು, ರಸ್ತೆ ಮಾಡುವಾಗ ಕೇಳಬೇಕಾದವರನ್ನು ಕೇಳದೇ ಇರುವುದು, ಹಿಂಡು ದಾಟಲು ಬೇರೆ ಊರುಗಳಲ್ಲಿ ಮಾಡಿದ ವ್ಯವಸ್ಥೆ. ಫೋನಿನಲ್ಲಿ ಆ ಫೋಟೋ ತೋರಿಸಿದೆ. ಎಂಜಿನಿಯರು ಬಹಳ ಹೊತ್ತು ನೋಡಿದರು. ನನ್ನ ಮಾತು ಸರಾಗವಾಗಿತ್ತು, ಎಲ್ಲೂ ತಡವರಿಸಲಿಲ್ಲ. ಆ ಕಾಲು ಗಂಟೆಯಲ್ಲಿ ‘ಹೋತ ನಿಂತದ್ದು ನನ್ನನ್ನು ನೋಡಿ’ ಎಂದು ಹೇಳುವುದಕ್ಕೆ ಬೇಕಾದ ಜಾಗ ಎಷ್ಟೋ ಸಲ ಬಂತು. ಪ್ರತಿ ಸಲವೂ ಅದನ್ನು ದಾಟಿ ಮುಂದೆ ಹೋದೆ. ಹೇಳಿದರೆ ವಿಷಯ ದಿಕ್ಕು ತಪ್ಪುತ್ತದೆ, ಕೆಳಸೇತುವೆಯ ಬೇಡಿಕೆ ದುರ್ಬಲವಾಗುತ್ತದೆ, ಹಟ್ಟಿಗೇ ನಷ್ಟ ಎಂದು ನನಗೆ ನಾನೇ ಹೇಳಿಕೊಂಡೆ. ಅವಳ ಪರವಾಗಿ ಮಾತಾಡುತ್ತಾ, ಅವಳಿಗೆ ಬೇಕಾಗಿದ್ದ ಒಂದೇ ಒಂದು ವಾಕ್ಯವನ್ನು ನನ್ನ ಬಳಿ ಇಟ್ಟುಕೊಂಡೆ. ‘ಮೇಲಿನವರಿಗೆ ಬರೆಯುತ್ತೇವೆ’ ಎಂದು ಸಭೆ ಮುಗಿಯಿತು.

ಮೆಟ್ಟಿಲು ಇಳಿಯುವಾಗ ನಿರ್ದೇಶಕರು, “ತುಂಬ ಚೆನ್ನಾಗಿ ಮಾತಾಡಿದ್ರಿ” ಎಂದರು. ದೊಡ್ಡಮ್ಮನೂ ಎಡಗೈಯಲ್ಲಿ ನನ್ನ ಕೈ ಹಿಡಿದು, “ಬಾಳ ಮಾತಾಡ್ದೆ ತಾಯಿ, ಗಂಟ್ಲು ಒಣಗಿರ್ತೈತೆ, ಟೀ ಕುಡಿಯಾಣ ಬಾ” ಎಂದಳು. ಆ ಟೀಗೆ ದುಡ್ಡು ಕೊಟ್ಟದ್ದೂ ಅವಳೇ.

ಹತ್ತಿರ ಹತ್ತಿರ ಒಂದು ವರ್ಷ ಹಾಗೇ ಕಳೆಯಿತು. ಹೊಸದುರ್ಗದ ಹಳ್ಳಿಗಳ ಕೆಲಸ ಕೇಳಿ ಹಾಕಿಸಿಕೊಂಡೆ. ಮಾರಿಕಣಿವೆಯ ಹಿನ್ನೀರಿನ ಬದಿಯಲ್ಲಿ ಬಸ್ಸು ಹೋಗುವಾಗ ಅಷ್ಟು ನೀರು ಸುಮ್ಮನೆ ನಿಂತಿರುವುದನ್ನು ಕಂಡರೂ ನನಗೆ ಹೆದರಿಕೆ. ಆಗ ನಮ್ಮ ಸಂಸ್ಥೆಯ ವಾರ್ಷಿಕ ಪುಸ್ತಕ ಅಚ್ಚಾಗಿ ಬಂತು. ಮುಖಪುಟದಲ್ಲಿ ಆ ಮೂರನೆಯ ಫೋಟೋ. ಪುಟದ ತುಂಬ ಹೋತದ ಮುಖ, ಹಿಂದೆ ಕತ್ತಲೆ. ಕೆಳಗೆ ‘ದನಿಯಿಲ್ಲದವರಿಗೆ ದನಿ’ ಎಂದು ಅಚ್ಚು ಹಾಕಿಸಿದ್ದರು.

ಕಚೇರಿಯಲ್ಲಿ ಟೈಪು ಮಾಡುತ್ತಿದ್ದ ಗೆಳತಿ ಅದನ್ನು ತಿರುಗಿಸಿ ನೋಡಿ, “ಅಬ್ಬಾ, ಎಷ್ಟು ಹತ್ರದಿಂದ ತೆಗೆದಿದೀರ! ಇದು ನಿಮ್ಮನ್ನೇ ನೋಡ್ತೈತೆ” ಎಂದಳು.

ಪುಸ್ತಕದ ಒಂದು ಪ್ರತಿ ಚೀಲಕ್ಕೆ ಹಾಕಿಕೊಂಡು ಮರುದಿನ ಹಟ್ಟಿಗೆ ಹೋದೆ. ಸಂಜೆಯ ಬಸ್ಸಿಗೆ ಹೋದೆ. ಉಳಿದುಕೊಳ್ಳಬೇಕಾದರೆ ಉಳಿದುಕೊಳ್ಳೋಣ ಎಂದು ಬಟ್ಟೆಯನ್ನೂ ತೆಗೆದುಕೊಂಡಿದ್ದೆ.

ದೊಡ್ಡಮ್ಮ ಮನೆಯ ಮುಂದೆ ಕೂತು ಬಿತ್ತನೆಯ ಶೇಂಗಾ ಸುಲಿಯುತ್ತಿದ್ದಳು, ಎಡಗೈಯಲ್ಲೇ ಹೆಚ್ಚು. “ಓಹೋ, ವಕೀಲಮ್ಮ ಬಂದ್ರು! ಎಷ್ಟು ದಿನ ಆಯ್ತು, ನಮ್ಮ ಕೇಸು ಗೆದ್ವಾ?” ಎಂದಳು.

ನಾನು ಪುಸ್ತಕ ಕೈಗೆ ಕೊಟ್ಟೆ. ಅವಳು ಮಡಿಲಿನ ಸಿಪ್ಪೆ ಕೊಡವಿ, ಅದನ್ನು ದೂರ ಹಿಡಿದು ನೋಡಿದಳು. ನಗು ನಿಂತಿತು. ಹಣೆಯ ಮಚ್ಚೆಯ ಮೇಲೆ ಹೆಬ್ಬೆರಳಿಂದ ಸವರಿದಳು.

“ಮೇಷ್ಟ್ರು” ಎಂದಳು.

“ದೊಡ್ಡಮ್ಮ, ನಾನು ಅವತ್ತು ಮೇಲೆ ನಿಂತಿರಲಿಲ್ಲ. ಕೆಳಗಿಳಿದಿದ್ದೆ. ಪೈಪಿನ ಬಾಯಿಗೇ ಕೂತಿದ್ದೆ. ಅದು ನನ್ನ ನೋಡಿ ನಿಂತಿದ್ದು.”

ಅವಳು ಪುಸ್ತಕದಿಂದ ಕಣ್ಣೆತ್ತಲಿಲ್ಲ. “ಅನ್ಕಂಡಿದ್ದೆ” ಎಂದಳು.

“ಗೊತ್ತಿತ್ತಾ? ಮತ್ತೆ ಅವತ್ತು ಆಫೀಸಿನಲ್ಲಿ ಯಾಕೆ ಹೇಳಲಿಲ್ಲ?”

“ಗೊತ್ತಿದ್ದಿಲ್ಲ, ಅನ್ಕಂಡಿದ್ದೆ. ಆ ಕಡಿ ಬೆಳಕು ಒಂದು ಗಳಿಗೆ ಮುಚ್ಕಂತು. ಕತ್ಲಾಗೆ ಕುರಿ ಅಡ್ಡ ಬಂದ್ರೂ ಮುಚ್ಕಂತೈತೆ. ನಾನು ನೋಡ್ದೇ ಇದ್ದುದ್ದ ನಿನ್ನ ಮ್ಯಾಲೆ ಹೆಂಗೆ ಹೇಳ್ಲಿ? ನೀನು ನೋಡಿದ್ದೆ. ನೀನು ಹೇಳ್ಬೇಕಿತ್ತು.”

ನಾನು ಅಳಲು ಶುರು ಮಾಡಿದೆ. ಅವಳಿಗೆ ಅದು ಹಿಡಿಸಲಿಲ್ಲ. “ಅಳಬ್ಯಾಡ, ಏಳು. ನಂಗೆ ಹೇಳಿದ್ರೆ ಏನು ಬಂತು? ಅಲ್ಲಿಗೆ ನಡಿ” ಎಂದು ಕಟ್ಟೆಯ ಕಡೆ ತೋರಿಸಿದಳು.

ಕುರಿಗಳು ಬಂದು ರೊಪ್ಪ ಸೇರಿದ್ದವು. ಕಟ್ಟೆಯ ಮೇಲೆ ಹಿರಿಯರಿದ್ದರು, ಕುರಿ ಬಿಡಿಸಿಕೊಂಡಿದ್ದ ಮನೆಗಳವರು ಇದ್ದರು. ನಾನು ನಿಂತುಕೊಂಡೇ ಹೇಳಿದೆ. ಕಚೇರಿಯಲ್ಲಿ ಸರಾಗವಾಗಿ ಬಂದ ಮಾತು ಅಲ್ಲಿ ತುಂಡು ತುಂಡಾಗಿ ಬಂತು. ಮೇಲೆ ನಿಲ್ಲು ಎಂದು ಅವಳು ಹೇಳಿದ್ದು, ನಾನು ಇಳಿದದ್ದು, ನೀರಿನ ಸದ್ದು ಕೇಳಿಯೂ ಸರಿಯದೇ ಇದ್ದದ್ದು, ಆಮೇಲೆ ಸುಮ್ಮನಿದ್ದದ್ದು. ಐದು ನಿಮಿಷವೂ ಹಿಡಿಯಲಿಲ್ಲ.

ಹಿರಿಯರು ಪುಸ್ತಕ ಇಸಿದುಕೊಂಡು, ಕಟ್ಟೆಯ ದೀಪದ ಕಡೆ ಹಿಡಿದು ನೋಡಿದರು. ಅವರಿಗೆ ಕೆಳಗಿನ ಅಕ್ಷರ ಬೇಕಿರಲಿಲ್ಲ. “ಕಿವಿ ನೋಡ್ರಲೇ” ಎಂದು ಪಕ್ಕದವನಿಗೆ ತೋರಿಸಿದರು. “ನೀರಿಗೆ ಅಂಜಿದ್ರೆ ಕಿವಿ ಹಿಂದಕ್ಕೆ ಇರ್ತಿದ್ವು. ಇವು ಮುಂದಕ್ಕೆ ಅವೆ. ಎದ್ರಿಗೆ ಏನೋ ಕಂಡು ನಿಂತೈತೆ. ಛೆ.” ಆಮೇಲೆ ನನ್ನನ್ನು ನೋಡಿ, “ಒಂದು ವರ್ಷ ಬೇಕಾತೇನಮ್ಮ ಇದ್ನ ಹೇಳಾಕೆ? ಹೋತ ಕೊಟ್ಟುಬಿಟ್ವಲ್ಲ” ಎಂದರು.

ಯಾರೂ ಜೋರಾಗಿ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಹಿರಿಯರು ದೊಡ್ಡಮ್ಮನ ಕಡೆ ತಿರುಗಿ, “ಅವತ್ತು ಆಫೀಸ್ನಾಗೆ ನಾನು ಅಂದಿದ್ದು ತಪ್ಪಾಯ್ತು ಕಣಮ್ಮ” ಎಂದರು. ಅವಳು, “ಆಯ್ತು ಬಿಡು ಮಾವ” ಎಂದಳು.

ಅವತ್ತು ನೀರಿನಲ್ಲಿ ಎರಡು ಕುರಿ ಕಳೆದುಕೊಂಡಿದ್ದ ಮನೆಯ ಹೆಂಗಸು ಕಟ್ಟೆಯ ಕೆಳಗೆ ಕೂತಿದ್ದಳು. ವರ್ಷವೆಲ್ಲ ಅವಳೇ ದೊಡ್ಡಮ್ಮನನ್ನು ಹೆಚ್ಚು ಆಡಿಕೊಂಡವಳು ಎಂದು ಆಮೇಲೆ ಕೇಳಿದೆ. ಅವಳು ಎದ್ದು ಬಂದು ದೊಡ್ಡಮ್ಮನ ಪಕ್ಕ ನಿಂತಳು.

“ಅಕ್ಕಾ, ಸೋಮವಾರದಿಂದ ನಮ್ಮ ಕುರಿ ನಿನ್ನ ಜತಿಗೇ ಬಿಡ್ತೀನಿ. ಆ ಸುತ್ತು ದಾರಿನಾಗೆ ನಡ್ಸಿ ನಡ್ಸಿ ಅವು ಬಡವಾಗವೆ. ನೀನು ಕಾದಂಗೆ ಯಾರೂ ಕಾಯಲ್ಲ.”

ಇನ್ನೊಂದು ಮನೆಯವನೂ, “ನಮ್ಮವೂ ಬಿಡ್ತೀವಿ” ಎಂದ. ದೊಡ್ಡಮ್ಮನ ಮುಖ ಬೆಳಗಿತು. ನಾನು ಅವಳನ್ನು ಮೊದಲ ದಿನ ಕಂಡಾಗಿನ ಮುಖ ಒಂದು 	ಕ್ಷಣ ಬಂದು ಹೋಯಿತು. ಆಮೇಲೆ ಅವಳು ನಿಟ್ಟುಸಿರು ಬಿಟ್ಟು, ಸೆರಗು ಸರಿಸಿ, ಎಲ್ಲರಿಗೂ ಕಾಣುವ ಹಾಗೆ ಬಲಗೈಯನ್ನು ನಿಧಾನಕ್ಕೆ ಮೇಲೆತ್ತಿದಳು. ಕೋಲು ಬೀಸುವ ಕೈ ಅದು. ಅದು ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು.

“ನೋಡವ್ವ” ಎಂದಳು ಆ ಹೆಂಗಸಿಗೆ. “ಇಷ್ಟೇ ಏಳೋದು.”